‘ಫಿಲಿಪ್ಪಿಕ್’ ಪದದ ಅರ್ಥ ಮತ್ತು ಬಳಕೆ

ಪ್ರಶ್ನೆ
ಸಂಸತ್ತಿನ ಭಾಷಣವೊಂದರ ಕುರಿತ ಇಂಗ್ಲಿಷ್ ಲೇಖನವನ್ನು ಕನ್ನಡಕ್ಕೆ ತರುತ್ತಿದ್ದೇನೆ. ಅದರಲ್ಲಿ ‘ಫಿಲಿಪ್ಪಿಕ್’ ಎಂಬ ಪದ ಬಂದಿದ್ದು, ನಿಘಂಟಿನಲ್ಲಿ ‘ಕಟುವಾದ ಖಂಡನೆ’ ಎಂದಷ್ಟೇ ಇದೆ. ಟಿರೇಡ್, ಡಯಾಟ್ರೈಬ್ ಎಂಬ ಪದಗಳಿಗೂ ಇದಕ್ಕೂ ಏನು ವ್ಯತ್ಯಾಸ? ಕಟುವಾದ ಸಿನಿಮಾ ವಿಮರ್ಶೆಯನ್ನೂ ಹೀಗೆ ಕರೆಯಬಹುದೇ? ತಿಳಿದವರು ದಯವಿಟ್ಟು ವಿವರಿಸಬೇಕು.

ಮೊದಲ ಉತ್ತರ
ಈ ಪದ ಹುಟ್ಟಿದ್ದು ಅರಸನೊಬ್ಬನ ಹೆಸರಿನಿಂದ. ಅಲೆಕ್ಸಾಂಡರನ ತಂದೆಯಾದ ಮ್ಯಾಸಿಡೋನಿಯಾದ ಎರಡನೆಯ ಫಿಲಿಪ್ ಗ್ರೀಕ್ ನಗರಗಳನ್ನು ಒಂದೊಂದಾಗಿ ವಶಪಡಿಸಿಕೊಳ್ಳುತ್ತಿದ್ದಾಗ, ಅಥೆನ್ಸಿನ ವಾಗ್ಮಿ ಡೆಮಾಸ್ತನೀಸ್ ಕ್ರಿ.ಪೂ. 351ರಿಂದ ಮೊದಲ್ಗೊಂಡು ಅವನ ವಿರುದ್ಧ ಮಾಡಿದ ಭಾಷಣಗಳಿಗೆ ಈ ಹೆಸರು ನಿಂತಿತು. ಆ ಮಾತಿನ ಏಟು ಫಿಲಿಪ್ಪನಿಗೆ ಮಾತ್ರ ಬೀಳಲಿಲ್ಲ. ಪಳಗದ ಮುಷ್ಟಿಮಲ್ಲನು ಪೆಟ್ಟು ಬಿದ್ದ ಕಡೆಗೆ ಕೈ ಒಯ್ಯುತ್ತಾನೆಯೇ ಹೊರತು ಮುಂದಿನ ಪೆಟ್ಟನ್ನು ತಡೆಯಲು ಅರಿಯನು, ನೀವು ಯುದ್ಧ ಮಾಡುತ್ತಿರುವುದೂ ಹಾಗೆಯೇ ಎಂದು ಡೆಮಾಸ್ತನೀಸ್ ಮೊದಲ ಭಾಷಣದಲ್ಲಿಯೇ ತನ್ನ ನಗರದವರನ್ನು ತರಾಟೆಗೆ ತೆಗೆದುಕೊಳ್ಳುತ್ತಾನೆ. ಕೇಳುಗರನ್ನು ಬಡಿದೆಬ್ಬಿಸುವ ಈ ಉದ್ದೇಶವೇ ಆ ಭಾಷಣಗಳ ಜೀವಾಳವೆಂದು ನಾನು ಭಾವಿಸುತ್ತೇನೆ.

ಎರಡನೆಯ ಉತ್ತರ
ಮೇಲಿನ ವಿವರಣೆಗೆ ರೋಮಿನ ಕಥೆಯನ್ನೂ ಸೇರಿಸಬೇಕು. ಜೂಲಿಯಸ್ ಸೀಸರನ ಹತ್ಯೆಯ ನಂತರ, ಕ್ರಿ.ಪೂ. 44 ಮತ್ತು 43ರಲ್ಲಿ, ರೋಮಿನ ವಾಗ್ಮಿ ಸಿಸಿರೊ, ಸೀಸರನ ಆಪ್ತ ಸೇನಾನಿಯಾಗಿದ್ದ ಮಾರ್ಕ್ ಆಂಟನಿಯ ವಿರುದ್ಧ ರಚಿಸಿದ 14 ಭಾಷಣಗಳಿಗೂ ಡೆಮಾಸ್ತನೀಸನ ನೆನಪಿನಲ್ಲಿ ಇದೇ ಹೆಸರು ಬಂದಿತು. ಅವುಗಳಲ್ಲಿ ಅತ್ಯಂತ ತೀಕ್ಷ್ಣವಾದ ಎರಡನೆಯದನ್ನು ಅವನು ಸಭೆಯಲ್ಲಿ ಓದಲೇ ಇಲ್ಲ. ಅದು ಬರಹವಾಗಿಯೇ ಜನರನ್ನು ತಲುಪಿತು. ಇದಕ್ಕೆ ಸಿಸಿರೊ ತೆತ್ತ ಬೆಲೆ ಘೋರವಾದದ್ದು: ಕ್ರಿ.ಪೂ. 43ರ ಡಿಸೆಂಬರಿನಲ್ಲಿ ಅವನನ್ನು ಕೊಲ್ಲಿಸಿದ ಆಂಟನಿ, ಅವನು ನಿಂತು ಮಾತನಾಡುತ್ತಿದ್ದ ವೇದಿಕೆಯಲ್ಲಿಯೇ ಅವನ ಕಡಿದ ತಲೆಯನ್ನು ಪ್ರದರ್ಶನಕ್ಕಿಡಿಸಿದನು.

ಮೂರನೆಯ ಉತ್ತರ
ಬಳಕೆಯ ಬಗ್ಗೆ ಹೇಳುವುದಾದರೆ, ಟಿರೇಡ್ ಎಂಬುದು ಸಿಟ್ಟಿನ ಭರದಲ್ಲಿ ತಡೆಯಿಲ್ಲದೆ ಹರಿಯುವ ಮಾತು. ಡಯಾಟ್ರೈಬ್ ಭಾಷಣವಾಗಿರಬಹುದು, ಬರಹವಾಗಿರಬಹುದು, ಒಬ್ಬ ವ್ಯಕ್ತಿಯ ಮೇಲೆ ಇರಬಹುದು, ಒಂದು ವಿಚಾರದ ಮೇಲೂ ಇರಬಹುದು. ಫಿಲಿಪ್ಪಿಕ್ ಎನ್ನುವಾಗ, ಸಾಮಾನ್ಯವಾಗಿ ಅಧಿಕಾರಸ್ಥನೊಬ್ಬನನ್ನು ಗುರಿಯಾಗಿಸಿ, ಸಿದ್ಧತೆಯೊಂದಿಗೆ, ಸಾರ್ವಜನಿಕವಾಗಿ ಮಾಡಿದ ಸುದೀರ್ಘ ಖಂಡನೆ ಮನಸ್ಸಿಗೆ ಬರುತ್ತದೆ. ಆದ್ದರಿಂದ ಸಿನಿಮಾ ವಿಮರ್ಶೆಗೆ ಈ ಪದ ಒಪ್ಪುವುದಿಲ್ಲ. ನೀವು ಅನುವಾದಿಸುತ್ತಿರುವ ಸಂಸತ್ತಿನ ಭಾಷಣಕ್ಕೆ ಚೆನ್ನಾಗಿ ಒಪ್ಪುತ್ತದೆ. ನಮ್ಮ ಪತ್ರಿಕೆಗಳು ಎರಡು ಸಾಲಿನ ಟೀಕೆಯನ್ನೂ ‘ವಾಗ್ದಾಳಿ’ ಎಂದೇ ಬರೆಯುವುದರಿಂದ ಆ ಪದದ ಮೊನೆ ಸವೆದಿದೆ. ನಾನಾಗಿದ್ದರೆ ‘ಉಗ್ರ ಖಂಡನಾ ಭಾಷಣ’ ಎಂದು ಬರೆಯುತ್ತಿದ್ದೆ.