ಅಪ್‌ಡೇಟ್: ಅಡಿಕೆ ಸಿಪ್ಪೆ ಪ್ರಾಜೆಕ್ಟಿನ ಪೇಟೆಂಟ್ ಯಾರ ಹೆಸರಿಗೆ?

ಸರ್ಕಾರಿ ಅನುದಾನದಲ್ಲಿ ಅಡಿಕೆ ಸಿಪ್ಪೆಯಿಂದ ಹಲಗೆ ಮಾಡುವ ವಿಧಾನ ಸಿಕ್ಕರೆ ಪೇಟೆಂಟ್ ಯಾರಿಗೆ, ಪೇಪರ್ ಮೊದಲೋ ಅರ್ಜಿ ಮೊದಲೋ ಎಂದು ಕಾಸರಗೋಡಿನಿಂದ ಕೇಳಿದ್ದೆ. ಈಗ ಸ್ಪಷ್ಟವಾಗಿದೆ.

ಮಂಜೂರಾತಿ ಪತ್ರದ ಷರತ್ತು ಮೊದಲು ಓದಿ. ನಮ್ಮದರಲ್ಲಿ ಹಕ್ಕು ಸಂಸ್ಥೆಗೆ, ಸಂಶೋಧಕರೆಂಬ ಹೆಸರು ನಮಗೆ. ಹಕ್ಕು ವರ್ಗಾವಣೆಗೆ ಎಲ್ಲ ಸಂಶೋಧಕರ ಸಹಿ ಬೇಕು. ಕೆಲಸ ಬಿಟ್ಟು ಹೋದ ಜೆಆರ್‌ಎಫ್‌ನ (ಕಿರಿಯ ಸಂಶೋಧನಾ ಸಹಾಯಕರ) ಸಹಿ ಹಿಡಿಯುವುದೇ ದೊಡ್ಡ ತಲೆನೋವು, ಹೋಗುವ ಮುಂಚೆಯೇ ಬರೆಸಿಕೊಳ್ಳಿ.

ಅರ್ಜಿಯೇ ಮೊದಲು. ಮೊದಲೇ ಬಹಿರಂಗವಾದರೆ ಹೊಸದಲ್ಲ ಎಂದಾಗಿಬಿಡುತ್ತದೆ. ವಿದ್ವತ್ ಸಂಘದಲ್ಲಿ ಓದಿದ ಪ್ರಬಂಧಕ್ಕೆ ಮಾತ್ರ ಪೇಟೆಂಟ್ ಕಾಯ್ದೆಯ 31ನೇ ಕಲಮಿನಲ್ಲಿ 12 ತಿಂಗಳ ವಿನಾಯಿತಿ ಇದೆ, ಅಷ್ಟರೊಳಗೆ ಅರ್ಜಿ ಹಾಕಬೇಕು. ಪತ್ರಿಕೆಗೆ ಕೊಟ್ಟ ಸುದ್ದಿಗೆ ಅದಿಲ್ಲ. ಚೆನ್ನೈ ಪೇಟೆಂಟ್ ಕಚೇರಿಗೆ ಆನ್‌ಲೈನಲ್ಲಿ ಪ್ರಾವಿಷನಲ್ (ತಾತ್ಕಾಲಿಕ) ಅರ್ಜಿ ಹಾಕಿ, 12 ತಿಂಗಳೊಳಗೆ ಪೂರ್ಣ ವಿವರ ಕೊಡಬೇಕು. ಪ್ರಾವಿಷನಲ್‌ನಲ್ಲೇ ಉಷ್ಣತೆ, ಒತ್ತಡ, ಅಂಟಿನ ಪ್ರಮಾಣ ಬರೆಯಿರಿ. ಆಮೇಲೆ ಸೇರಿಸಿದ್ದಕ್ಕೆ ಪ್ರಾವಿಷನಲ್ ಅರ್ಜಿಯ ಹಳೆ ದಿನಾಂಕ ಸಿಗುವುದಿಲ್ಲ. ಅರ್ಜಿಯ ಪರೀಕ್ಷೆ ಕೋರುವ ಫಾರ್ಮ್ 18ಕ್ಕೆ ಗಡುವು ಈಗ 31 ತಿಂಗಳು, ಮೊದಲಿನ 48 ಅಲ್ಲ.