ಟೆಸ್ಟಿಂಗ್ ಬಿಟ್ಟು ಯುಎಕ್ಸ್ (ಬಳಸುವವರಿಗೆ ಸುಲಭವಾಗುವಂತೆ ಆ್ಯಪ್ ರೂಪಿಸುವ) ಕೆಲಸಕ್ಕೆ ಹೋಗಬಹುದಾ? ವಯಸ್ಸು 32

ಪ್ರಶ್ನೆ (ವಾಕಡ್, ಪುಣೆ)

ಎಲ್ಲರಿಗೂ ನಮಸ್ಕಾರ. ನಾನು ಧಾರವಾಡದವಳು. ಹಿಂಜವಡಿಯ ಒಂದು ಕಂಪನಿಯಲ್ಲಿ ಒಂಬತ್ತು ವರ್ಷದಿಂದ ಸಾಫ್ಟ್‌ವೇರ್ ಟೆಸ್ಟಿಂಗ್ ಮಾಡುತ್ತಿದ್ದೇನೆ. ನಾಲ್ಕು ವರ್ಷದ ಮಗಳಿದ್ದಾಳೆ.

ಹೋದ ತಿಂಗಳು ಅತ್ತೆ ಫೋನಿನಲ್ಲಿ ಕರೆಂಟ್ ಬಿಲ್ ಕಟ್ಟಲು ಕೂತಿದ್ದರು. ಒಟಿಪಿ ಬಂತು. ಮೆಸೇಜ್ ನೋಡಿ ವಾಪಸ್ ಬರುವಷ್ಟರಲ್ಲಿ ಆ್ಯಪ್ ಮತ್ತೆ ಮೊದಲಿನಿಂದ ಶುರು. ಮೂರು ಸಲ ಹೀಗೇ ಆಯಿತು. ಕೊನೆಗೆ "ನನಗ ಇದೆಲ್ಲ ತಿಳಿಯಂಗಿಲ್ಲ ಬಿಡವಾ" ಅಂತ ಫೋನ್ ಕೆಳಗಿಟ್ಟರು. ಮೂವತ್ತು ವರ್ಷ ಶಾಲೆಯಲ್ಲಿ ಗಣಿತ ಕಲಿಸಿದವರು ಅವರು. ಅವರಿಗೆ ತಿಳಿಯದೇ ಏನಿಲ್ಲ. ಆ್ಯಪ್ ಮಾಡಿದವರಿಗೆ ಇಂಥವರ ನೆನಪೇ ಬಂದಿಲ್ಲ.

ಆಫೀಸಿನಲ್ಲಿ ನಾನು ಇಂಥದ್ದನ್ನು ಬರೆದು ಹಾಕಿದರೆ "ಇದು ಬಗ್ ಅಲ್ಲ, ಹೀಗೇ ಇರಬೇಕು" ಅಂತ ಮುಚ್ಚಿಬಿಡುತ್ತಾರೆ. ಹಾಗಾಗಿ ಯುಎಕ್ಸ್ ಕಡೆಗೆ ಹೋಗುವ ಆಸೆ. ಆದರೆ ನನಗೆ ಚಿತ್ರ ಬಿಡಿಸಲು ಬರುವುದಿಲ್ಲ. ಮತ್ತೆ ಓದಬೇಕಾ? ತಡವಾಯಿತಾ?

ಉತ್ತರ 1 (ಮುಲುಂಡ್, ಮುಂಬೈ)

ನಿಮ್ಮನ್ನು ತಂಗಿ ಅನ್ನಲಾ? ಅತ್ತೆಯವರ ಮಾತು ಓದಿ ಸುಮ್ನೆ ಇರಲು ಆಗಲಿಲ್ಲ.

ನಾನು ಈ ಕೆಲಸಕ್ಕೆ ಬಂದು 16 ವರ್ಷ. ಅಪ್ಪ ಕುಂದಾಪುರದಿಂದ ಬಂದವರು. ಹಗಲು ಫೋರ್ಟ್‌ನ ಹೋಟೆಲಿನಲ್ಲಿ ದುಡಿದು, ರಾತ್ರಿ ಕನ್ನಡ ಶಾಲೆಯಲ್ಲಿ ಓದಿದರು. ನಾನು ಪೊವಾಯಿಯ ಐಐಟಿಯಲ್ಲಿರುವ ಐಡಿಸಿ ಎಂಬ ಡಿಸೈನ್ ಶಾಲೆಗೆ ಸೇರುತ್ತೇನೆ ಅಂದಾಗ ಅವರು ಕೇಳಿದ್ದು ಒಂದೇ: "ಅಲ್ಲಿ ಎಂತ ಕಲಿಸ್ತಾರೆ?" ಆಗ ನನಗೆ ಸರಿಯಾಗಿ ಹೇಳಲು ಬರಲಿಲ್ಲ.

ಪಾಲ್ಘರ್ ಕಡೆಯ ಒಂದು ಹಳ್ಳಿಯಲ್ಲಿ ಅದು ನನಗೆ ಅರ್ಥವಾಯಿತು. ಆಶಾ ಕಾರ್ಯಕರ್ತೆಯರಿಗಾಗಿ ಒಂದು ಆ್ಯಪ್ ಮಾಡುತ್ತಿದ್ದೆವು. ಬಸುರಿಯ ಕೊನೆಯ ಮುಟ್ಟಿನ ತಾರೀಖು ಹಾಕಬೇಕು. ಅದಕ್ಕೆ 280 ದಿನ ಕೂಡಿಸಿದರೆ ಹೆರಿಗೆಯ ಅಂದಾಜು ದಿನ. ಆ ತಾರೀಖು ತಪ್ಪಿದರೆ ಮುಂದಿನ ತಪಾಸಣೆಗಳ ಲೆಕ್ಕವೆಲ್ಲ ತಪ್ಪುತ್ತದೆ. ನಾವು ಆಫೀಸಿನಲ್ಲಿ ಕೂತು ಚೆಂದದ ಕ್ಯಾಲೆಂಡರ್ ಮಾಡಿಕೊಂಡು ಹೋಗಿದ್ದೆವು.

ಕಾರ್ಯಕರ್ತೆ ತಾರೀಖು ಕೇಳಿದರು. ಬಸುರಿ ಹುಡುಗಿ ಹೇಳಿದಳು: "ಗಣಪತಿ ಕಳಿಸಿದ ಮೇಲೆ ನಾಲ್ಕನೇ ದಿನ." ಅವರು ತಕ್ಷಣ ಕೇಳಿದರು: "ನಿಮ್ಮಲ್ಲಿ ಒಂದೂವರೆ ದಿನದ ಗಣಪತಿಯಾ, ಐದು ದಿನದ್ದಾ?" ನಾನು ಪೆನ್ನು ಹಿಡಿದವಳು ಹಾಗೇ ಕೂತುಬಿಟ್ಟೆ. ಅವರು ಫೋನ್ ಮುಟ್ಟಲೇ ಇಲ್ಲ. ಗೋಡೆಯ ಮೇಲಿನ ಕಾಲನಿರ್ಣಯ ಕ್ಯಾಲೆಂಡರಿನ ಹತ್ತಿರ ಹೋದರು. ಹಬ್ಬ ಹುಡುಕಿ, ಬೆರಳಿನಿಂದ ನಾಲ್ಕು ಮನೆ ಎಣಿಸಿ, ತಾರೀಖನ್ನು ಅಂಗೈ ಮೇಲೆ ಬರೆದುಕೊಂಡರು. ಫೋನ್ ಹೊರಗೆ ಬಂದದ್ದು ಆಮೇಲೆ.

ಆ ವಾರವೇ ನಮ್ಮ ಕ್ಯಾಲೆಂಡರಿನಲ್ಲಿ ಹಬ್ಬ, ಅಮಾವಾಸ್ಯೆ, ಊರ ಸಂತೆಯ ದಿನ ಎಲ್ಲ ಸೇರಿಸಿದೆವು. ಇದಕ್ಕೆ ಚಿತ್ರ ಬಿಡಿಸಲು ಬರಬೇಕಾಗಿರಲಿಲ್ಲ, ಅಲ್ವಾ? ಆ ಕೋಣೆಯೊಳಗೆ ಕೂರಬೇಕಾಗಿತ್ತು. ಜೊತೆಗೆ ಬಂದ ಗಂಡಸರು ಅಂಗಳದಲ್ಲೇ ಉಳಿದಿದ್ದರು. ಮುಟ್ಟಿನ ಮಾತು ಅವರ ಎದುರು ಯಾರು ಆಡುತ್ತಾರೆ?

ಅತ್ತೆಯವರಿಗೆ ಇದನ್ನು ಹೇಳಿ. ಲೂಸಿ ಸಚ್‌ಮನ್ ಅಂತ ಒಬ್ಬ ಮಾನವಶಾಸ್ತ್ರಜ್ಞೆ, ಅಮೆರಿಕದ ಜೆರಾಕ್ಸ್ ಕಂಪನಿಯ ಸಂಶೋಧನಾ ಕೇಂದ್ರದಲ್ಲಿದ್ದರು. ಪಳಗಿದ ಕಂಪ್ಯೂಟರ್ ವಿಜ್ಞಾನಿಗಳೇ ಕಾಪಿ ಯಂತ್ರದ ಮುಂದೆ ತಬ್ಬಿಬ್ಬಾಗುವುದನ್ನು ಅವರು ವಿಡಿಯೋ ಮಾಡಿದರು. ಆ ಅಧ್ಯಯನ 1987ರಲ್ಲಿ ಪುಸ್ತಕವಾಯಿತು. ಯಂತ್ರ ಮಾಡಿದವರು ಅಂದುಕೊಂಡ ದಾರಿ ಒಂದು, ಎದುರು ನಿಂತವರು ಹಿಡಿಯುವ ದಾರಿ ಇನ್ನೊಂದು. ತಡವರಿಸಿದವರನ್ನು ದಡ್ಡರು ಅನ್ನುವುದು ಅನ್ಯಾಯ.

ಇನ್ನೊಂದು, ಕನ್ನಡದವಳಾಗಿ ನನ್ನ ಮನಸ್ಸಿಗೆ ಹತ್ತಿರದ್ದು. ಇಂಗ್ಲಿಷಿನ ಅಳತೆಗೆ ಮಾಡಿದ ಬಟನ್‌ನಲ್ಲಿ ಕನ್ನಡ ಹಾಕಿದರೆ ಎಷ್ಟೋ ಸಲ ಒತ್ತಕ್ಷರ ಕತ್ತರಿಸಿಹೋಗುತ್ತದೆ. ಒಂದು ಕಡೆ "ಸಲ್ಲಿಸಿ" ಅನ್ನುವುದು "ಸಲಿಸಿ" ಅಂತ ಕಾಣುತ್ತಿತ್ತು. ಮೀಟಿಂಗಿನಲ್ಲಿ ಕನ್ನಡ ಓದುವವಳು ನಾನೊಬ್ಬಳೇ. ಸಾಲಿನ ಎತ್ತರ ಹೆಚ್ಚಿಸಿ ಅಂತ ಮೂರು ವಾರ ಹಟ ಹಿಡಿದೆ. ಹೆಚ್ಚಿಸಿದರು. ಆಮೇಲೆ ಆ ಪದವನ್ನೇ ತೆಗೆಸಿ "ಕಳಿಸಿ" ಅಂತ ಮಾಡಿಸಿದೆ.

ಕಷ್ಟವೂ ಇದೆ. "ಬಣ್ಣ ನೀವು ನೋಡಿಕೊಳ್ಳಿ ಮೇಡಂ" ಅನ್ನುವವರು ಇನ್ನೂ ಸಿಗುತ್ತಾರೆ. ಅಂಥ ಕಡೆ ನಾನು ವಾದ ಮಾಡುವುದಿಲ್ಲ. ಆ್ಯಪ್ ಬಳಸುವವರ ಒಪ್ಪಿಗೆ ಪಡೆದು ತೆಗೆದ ಎರಡು ನಿಮಿಷದ ವಿಡಿಯೋ ತೋರಿಸುತ್ತೇನೆ. ನಿಮ್ಮ ಬಗ್ ಮುಚ್ಚುವವರಿಗೂ ಅದನ್ನೇ ತೋರಿಸಿ.

ಈ ವಾರ ಅತ್ತೆಯ ಪಕ್ಕ ಇನ್ನೊಮ್ಮೆ ಕೂರಿ. ಬಾಯಿ ಬಿಡಬೇಡಿ, ಕೈ ಚಾಚಬೇಡಿ. ಕಂಡದ್ದನ್ನಷ್ಟೇ ಬರೆಯಿರಿ. ಆಮೇಲೆ ಇಲ್ಲಿ ಹೇಳಿ.

ಉತ್ತರ 2 (ಕೋಥ್ರೂಡ್, ಪುಣೆ)

ಓದಿನ ಬಗ್ಗೆ ಕೇಳಿದ್ದಕ್ಕೆ: ಐಡಿಸಿಯಲ್ಲಿ ಎಂ.ಡೆಸ್ (ಡಿಸೈನ್‌ನ ಸ್ನಾತಕೋತ್ತರ ಪದವಿ) ಎರಡು ವರ್ಷ, ಅದರಲ್ಲಿ ಯುಎಕ್ಸ್‌ಗೆ ಹತ್ತಿರದ ಇಂಟರಾಕ್ಷನ್ ಡಿಸೈನ್ ವಿಭಾಗವಿದೆ. ಸೇರಲು ಸೀಡ್ (CEED) ಎಂಬ ಪ್ರವೇಶ ಪರೀಕ್ಷೆ ಬರೆಯಬೇಕು, ಜನವರಿಯಲ್ಲಿ ನಡೆಯುತ್ತದೆ. ವಯಸ್ಸಿನ ಮಿತಿ ಇಲ್ಲ. ಎರಡನೇ ಭಾಗದಲ್ಲಿ ಚಿತ್ರ ಬಿಡಿಸಲು ಇರುತ್ತದೆ, ಅದಕ್ಕೆ ಮಾತ್ರ ಅಭ್ಯಾಸ ಬೇಕು. ಆದರೆ ಪುಟ್ಟ ಮಗಳಿರುವಾಗ ಎರಡು ವರ್ಷ ಸಂಬಳ ಬಿಡುವುದು ಸಣ್ಣ ಮಾತಲ್ಲ. ನಾನು ಓದಲು ಹೋಗಲಿಲ್ಲ. ಇದ್ದ ಕಂಪನಿಯಲ್ಲೇ ಡಿಸೈನ್ ತಂಡದವರ ಜೊತೆ ಸೇರಿ, ಎರಡು ಕೆಲಸ ಮಾಡಿ ತೋರಿಸಿ, ಆಮೇಲೆ ವಿಭಾಗ ಬದಲಾಯಿಸಿಕೊಂಡೆ. ಸಂಬಳ ಕಡಿಮೆಯಾಗಲಿಲ್ಲ.

ಉತ್ತರ 3 (ವಾಸ್ಕೋ, ಗೋವಾ)

ಮಗು ಹುಟ್ಟಿದ ಮೇಲೆ ಮೂರು ವರ್ಷ ಮನೆಯಲ್ಲಿದ್ದು, 35ಕ್ಕೆ ಈ ಕೆಲಸ ಶುರು ಮಾಡಿದೆ. ತಡ ಏನೂ ಅಲ್ಲ. ಆದರೆ ಒಂದು ಮಾತು, ನಿಮ್ಮ ಟೆಸ್ಟಿಂಗ್ ಅನುಭವವನ್ನು ರೆಸ್ಯೂಮೆಯಲ್ಲಿ ಮುಚ್ಚಿಡಬೇಡಿ. ನಾನು ಹಾಗೆ ಮಾಡಿ ಒಂದು ವರ್ಷ ಕಳೆದುಕೊಂಡೆ. ನೆಟ್‌ವರ್ಕ್ ಹೋದರೆ ಏನು, ಅರ್ಧಕ್ಕೆ ಫೋನ್ ಬಂದರೆ ಏನು ಅಂತ ಮೊದಲು ಯೋಚಿಸುವವರು ಟೆಸ್ಟಿಂಗ್‌ನವರೇ.

ಕೇಳಿದವಳಿಂದ (ವಾಕಡ್, ಪುಣೆ)

ಮುಲುಂಡ್ ಅಕ್ಕ, ನಿನ್ನೆ ಕೂತೆ. ಸುಮ್ಮನಿರುವುದು ಇಷ್ಟು ಕಷ್ಟ ಅಂತ ಗೊತ್ತಿರಲಿಲ್ಲ. ಎರಡು ಸಲ ಕೈ ಮುಂದೆ ಹೋಯಿತು, ಹಿಂದೆ ತೆಗೆದುಕೊಂಡೆ.

ಅತ್ತೆ ಒಟಿಪಿಯನ್ನು ಪೇಪರಿನ ಅಂಚಿಗೆ ಬರೆದುಕೊಂಡರು. ಆರು ಅಂಕಿಯನ್ನು ಎರಡೆರಡಾಗಿ ಗಟ್ಟಿಯಾಗಿ ಓದಿದರು: "ನಲವತ್ತೇಳು, ಹದಿನಾರು, ತೊಂಬತ್ತು." ಆ್ಯಪ್‌ನಲ್ಲಿ ಒಂದೊಂದು ಅಂಕಿಗೆ ಒಂದೊಂದು ಡಬ್ಬಿ. ಪ್ರತಿ ಜೋಡಿಯ ನಂತರ ಕನ್ನಡಕ ಮೇಲೆ ಮಾಡಿ ಪೇಪರ್ ನೋಡುತ್ತಾರೆ, ಕೆಳಗೆ ಮಾಡಿ ಫೋನ್ ನೋಡುತ್ತಾರೆ. ಅಷ್ಟರಲ್ಲಿ ಸಮಯ ಮುಗಿಯುತ್ತದೆ. ಕೈ ತಪ್ಪಿದ್ದು ಒಂದು ಸಲವೂ ಇಲ್ಲ. ಒಂಬತ್ತು ವರ್ಷದಲ್ಲಿ ನಾನು ಕನ್ನಡಕದ ಬಗ್ಗೆ ಒಂದು ಟೆಸ್ಟ್ ಕೇಸ್ ಕೂಡ ಬರೆದಿಲ್ಲ.

ನೀವು ಹೇಳಿದ್ದನ್ನೂ ಅತ್ತೆಗೆ ಹೇಳಿದೆ, ವಿಜ್ಞಾನಿಗಳ ಕಥೆ. "ಹೌದೇನು?" ಅಂತ ಎರಡು ಸಲ ಕೇಳಿದರು. ಭಾನುವಾರ ಕೆಳಗಿನ ಮನೆಯ ಆಜಿಯ ಜೊತೆ ಕೂರುತ್ತೇನೆ. ಅತ್ತೆಯೂ ಬರುತ್ತಾರಂತೆ.