ಹಳೇ ಮೋಟಿಫ್ ಪ್ರೋಗ್ರಾಂ: ಫೈಲ್ ಓದೋವಾಗ ವಿಂಡೋ ಹ್ಯಾಂಗ್ ಆಗುತ್ತೆ, ಜಿಟಿಕೆಗೆ ಹೋಗೋದೊಂದೇ ದಾರಿನಾ?

ಸಿ_ಓದುಗ
ಎಲ್ರಿಗೂ ನಮಸ್ಕಾರ. 90ರ ದಶಕದಲ್ಲಿ ಯಾರೋ ಮೋಟಿಫ್‌ನಲ್ಲಿ (ವಿಂಡೋ, ಬಟನ್ ಎಲ್ಲಾ ಕಟ್ಟೋ ಹಳೇ ಟೂಲ್‌ಕಿಟ್) ಬರೆದ ಒಂದು ಸಿ ಪ್ರೋಗ್ರಾಂ ನನ್ನ ಕೈಗೆ ಬಂದಿದೆ, ಸುಮಾರು 12 ಸಾವಿರ ಲೈನು. ಮೀಟರ್ ರೀಡಿಂಗ್ ಇರೋ ಫೈಲ್ ಓದಿ ಗ್ರಾಫ್ ಬಿಡಿಸುತ್ತೆ. ಹೊಸ ಲಿನಕ್ಸ್‌ನಲ್ಲಿ ಲಿಂಕೇ ಆಗ್ತಿರ್ಲಿಲ್ಲ, ಮೋಟಿಫ್ ಲೈಬ್ರರಿ ಒಂದನ್ನೇ ಕೊಟ್ಟಿದ್ರು, ಅದರ ಹಿಂದೆ ಎಕ್ಸ್‌ಟಿ, ಆಮೇಲೆ ಎಕ್ಸ್11 ಅಂತ ಅದಕ್ಕೆ ಬೇಕಾದ ಕೆಳಗಿನ ಲೈಬ್ರರಿಗಳನ್ನ ಸೇರಿಸಿದ ಮೇಲೆ ಆಯ್ತು. ಈಗಿನ ತೊಂದರೆ ಏನಂದ್ರೆ "ತೆರೆ" ಬಟನ್ ಒತ್ತಿದ್ರೆ 4 ಲಕ್ಷ ಸಾಲಿನ ಫೈಲ್ ಓದಿ ಮುಗಿಯೋ ತನಕ ವಿಂಡೋ ಸತ್ತೇ ಹೋಗಿರುತ್ತೆ, ಮೇಲೆ ಬೇರೆ ವಿಂಡೋ ತಂದು ತೆಗೆದ್ರೆ ಅದರ ಅಚ್ಚು ಹಾಗೇ ಉಳ್ಕೊಳ್ಳುತ್ತೆ. ಕಾಲ್‌ಬ್ಯಾಕ್‌ನ (ಬಟನ್ ಒತ್ತಿದಾಗ ಓಡೋ ಫಂಕ್ಷನ್) ಮೊದಲ ಸಾಲಲ್ಲೇ ಲೇಬಲ್‌ಗೆ "ಓದ್ತಾ ಇದೆ" ಅಂತ ಹಾಕ್ದೆ, ಅದೂ ಎಲ್ಲಾ ಮುಗಿದ ಮೇಲೇ ಕಾಣಿಸ್ತು. ಜೊತೆಗಿರೋರು ಇದನ್ನ ಬಿಟ್ಟು ಜಿಟಿಕೆ ಅನ್ನೋ ಬೇರೆ ಟೂಲ್‌ಕಿಟ್‌ನಲ್ಲಿ ಬರಿ ಅಂತಾರೆ, ಮೋಟಿಫ್‌ಗೆ ದುಡ್ಡು ಕೊಟ್ಟು ಲೈಸೆನ್ಸ್ ತಗೋಬೇಕು ಅಂತಾನೂ ಅಂತಾರೆ. ಏನು ಮಾಡ್ಲಿ?

ಹೊಸಕಿಟಕಿ
ನಾನಾದ್ರೆ ಜಿಟಿಕೆಗೆ ಹೋಗು ಅಂತೀನಿ. ಚಿತ್ರ ತಿದ್ದೋ ಪ್ರೋಗ್ರಾಂ ಗಿಂಪ್ ಕೂಡ ಶುರುವಾಗಿದ್ದು ಮೋಟಿಫ್‌ನಲ್ಲೇ, ಅದನ್ನ ಬರೆಯೋರಿಗೆ ಮೋಟಿಫ್ ಸಾಕಾಗಿ ತಮ್ಮದೇ ಟೂಲ್‌ಕಿಟ್ ಕಟ್ಟಿದ್ರು, ಅದೇ ಜಿಟಿಕೆ. ಗಿಂಪ್ ಟೂಲ್‌ಕಿಟ್ ಅನ್ನೋದೇ ಅದರ ಹೆಸರು. ಇನ್ನೊಂದು ಮುಖ್ಯ ವಿಷ್ಯ, ಕನ್ನಡದ ಒತ್ತಕ್ಷರ ಸರಿಯಾಗಿ ಕೂರ್ಬೇಕಂದ್ರೆ ಜಿಟಿಕೆ ಹಿಂದಿರೋ ಪ್ಯಾಂಗೋ ಅನ್ನೋ ಅಕ್ಷರ ಜೋಡಿಸೋ ಲೈಬ್ರರಿ ಅದನ್ನ ನೋಡ್ಕೊಳ್ಳುತ್ತೆ, ಮೋಟಿಫ್‌ನಲ್ಲಿ ಆ ಜೋಡಣೆ ಇಲ್ಲ.

ವಿಜೆಟ್‌ಮರ
ಕನ್ನಡ ಅಕ್ಷರದ ಮಾತು ನಿಜ, ಸ್ಕ್ರೀನ್ ಮೇಲೆ ಕನ್ನಡ ಬೇಕೇ ಬೇಕು ಅಂದ್ರೆ ಜಿಟಿಕೆಗೋ ಕ್ಯೂಟಿ ಅನ್ನೋ ಇನ್ನೊಂದು ಟೂಲ್‌ಕಿಟ್‌ಗೋ ಹೋಗ್ಲೇಬೇಕು. ಆದ್ರೆ ಹ್ಯಾಂಗ್ ಆಗೋದಕ್ಕೂ ಮೋಟಿಫ್‌ಗೂ ಸಂಬಂಧ ಇಲ್ಲ, ಇದೇ ಕೋಡ್‌ನ ಜಿಟಿಕೆಗೆ ತಗೊಂಡು ಹೋದ್ರೆ ಅಲ್ಲೂ ಹೀಗೇ ಸಾಯುತ್ತೆ. ಲೈಸೆನ್ಸ್ ಬಗ್ಗೆ ಹೆದರ್ಬೇಡಿ, 2012ರಲ್ಲೇ ಮೋಟಿಫ್ ಎಲ್‌ಜಿಪಿಎಲ್ ಅನ್ನೋ ಮುಕ್ತ ಲೈಸೆನ್ಸ್ ಅಡಿ ಬಂತು.

ಏನಾಗ್ತಿದೆ ನೋಡಿ. ಪ್ರೋಗ್ರಾಂನ ಮೇನ್‌ಲೂಪ್ ಒಂದು ಇವೆಂಟ್ (ಕ್ಲಿಕ್, ಕೀ ಒತ್ತಿದ್ದು ಇಂಥದ್ದು) ಎತ್ಕೊಂಡು ಅದಕ್ಕೆ ಸಂಬಂಧಪಟ್ಟ ಕಾಲ್‌ಬ್ಯಾಕ್ ಕರೆಯುತ್ತೆ, ಅದು ವಾಪಸ್ ಬರೋ ತನಕ ಮುಂದಿನ ಇವೆಂಟ್ ಮುಟ್ಟೋದೇ ಇಲ್ಲ. ನೀವು ಲೇಬಲ್ ಬದಲಾಯಿಸಿದಾಗ ಅಕ್ಷರ ಆಗಲೇ ಬರೆದುಬಿಡುತ್ತೆ ಅನ್ಕೊಂಡಿದ್ದೀರಿ, ಹಾಗಲ್ಲ, ಎಕ್ಸ್‌ಟಿ ಆ ಜಾಗ ಅಳಿಸಿ, ಅದನ್ನ ಮತ್ತೆ ಬಿಡಿಸು ಅಂತ ಹೇಳೋ ಎಕ್ಸ್‌ಪೋಸ್ ಇವೆಂಟ್ ಬರೋ ಹಾಗೆ ಮಾಡುತ್ತೆ ಅಷ್ಟೇ, ಆ ಇವೆಂಟ್ ಪಾಪ ಸರದಿಯಲ್ಲಿ ಕಾಯ್ತಾ ಇರುತ್ತೆ, ನೀವೋ 4 ಲಕ್ಷ ಸಾಲು ಓದ್ತಾ ಕೂತಿದ್ದೀರಿ.

ಎಕ್ಸ್‌ಟಿಯಲ್ಲಿ ವರ್ಕ್‌ಪ್ರಾಕ್ ಅಂತ ಇದೆ, ಬೇರೆ ಇವೆಂಟ್ ಏನೂ ಇಲ್ದೇ ಇದ್ದಾಗ ಲೂಪ್ ಅದನ್ನ ಕರೆಯುತ್ತೆ. ಕಾಲ್‌ಬ್ಯಾಕ್‌ನಲ್ಲಿ ಫೈಲ್ ಓಪನ್ ಮಾಡಿ, ಫೈಲ್ ಪಾಯಿಂಟರು, ಎಷ್ಟನೇ ಸಾಲು, ಲೇಬಲ್ ವಿಜೆಟ್ಟು ಎಲ್ಲಾ ಒಂದು ಸ್ಟ್ರಕ್ಟ್‌ನಲ್ಲಿ ಹಾಕಿ ವರ್ಕ್‌ಪ್ರಾಕ್ ರಿಜಿಸ್ಟರ್ ಮಾಡಿ ತಕ್ಷಣ ವಾಪಸ್ ಬನ್ನಿ. ವರ್ಕ್‌ಪ್ರಾಕ್ ಒಂದು ಸಲಕ್ಕೆ 2000 ಸಾಲು ಓದ್ಲಿ, ಇನ್ನೂ ಉಳಿದಿದ್ರೆ ಫಾಲ್ಸ್, ಮುಗಿದಿದ್ರೆ ಟ್ರೂ ಕೊಡ್ಲಿ. ಇಲ್ಲಿ ತುಂಬಾ ಜನ ಎಡವ್ತಾರೆ: ಎಕ್ಸ್‌ಟಿಯಲ್ಲಿ ಟ್ರೂ ಅಂದ್ರೆ "ಕೆಲಸ ಆಯ್ತು", ಜಿಟಿಕೆಯಲ್ಲಿ ಇದೇ ಕೆಲಸ ಮಾಡೋ ಐಡಲ್ ಫಂಕ್ಷನ್‌ನಲ್ಲಿ ಟ್ರೂ ಅಂದ್ರೆ "ಮತ್ತೆ ಕರಿ", ಪೂರ್ತಿ ಉಲ್ಟಾ.

ಹೊಸಕಿಟಕಿ
ಸರಿ, ಹ್ಯಾಂಗ್ ಬಗ್ಗೆ ಒಪ್ಕೊಂಡೆ. ಆದ್ರೆ ಇಷ್ಟೆಲ್ಲಾ ಯಾಕೆ, ಒಂದು ಥ್ರೆಡ್ ಹಾಕಿದ್ರೆ ಆಗಲ್ವಾ? ಇಲ್ಲಾ ಫೈಲ್‌ನ ಎಕ್ಸ್‌ಟಿಯ ಆ್ಯಡ್‌ಇನ್‌ಪುಟ್‌ಗೆ (ಓದೋಕೆ ಡೇಟಾ ಬಂದಾಗ ನಮ್ಮ ಫಂಕ್ಷನ್ ಕರೆಯೋದು) ಕೊಟ್ರೆ?

ವಿಜೆಟ್‌ಮರ
ಥ್ರೆಡ್ ಹಾಕ್ಬಹುದು, ಆದ್ರೆ ಆ ಥ್ರೆಡ್‌ನಿಂದ ವಿಜೆಟ್ ಮುಟ್ಟೋಕೆ ಹೋಗ್ಬೇಡಿ, ಒಂದು ಪೈಪ್‌ಗೆ ಒಂದು ಬೈಟ್ ಬರೀರಿ, ಪೈಪ್‌ನ ಈ ತುದಿಯನ್ನ ಆ್ಯಡ್‌ಇನ್‌ಪುಟ್‌ಗೆ ಕೊಡಿ. ಮಾಮೂಲಿ ಫೈಲ್‌ನ ನೇರವಾಗಿ ಕೊಟ್ರೆ ಉಪಯೋಗ ಇಲ್ಲ, ಡಿಸ್ಕ್ ಮೇಲಿನ ಫೈಲ್ ಯಾವಾಗ್ಲೂ "ಓದೋಕೆ ರೆಡಿ" ಅಂತಲೇ ಹೇಳುತ್ತೆ. ಸಾಕೆಟ್ಟು, ಸೀರಿಯಲ್ ಪೋರ್ಟ್ ಇದ್ರೆ ಅದು ಚೆನ್ನಾಗಿ ಕೆಲಸಕ್ಕೆ ಬರುತ್ತೆ.

ಪೂರ್ತಿ ತಿರುಗಿ ಬರೆಯೋ ಮುಂಚೆ ಇದನ್ನೂ ಯೋಚನೆ ಮಾಡಿ: ಜಿಟಿಕೆ 3 ಬಂದಿದ್ದು 2011ರಲ್ಲಿ, 4 ಬಂದಿದ್ದು 2020ರಲ್ಲಿ, 4ರಲ್ಲಿ ಮೇನ್‌ಲೂಪ್ ಓಡಿಸೋ ಜಿಟಿಕೆ ಮೇನ್ ಅನ್ನೋ ಫಂಕ್ಷನ್ನೇ ತೆಗೆದುಬಿಟ್ರು. ನಿಮ್ಮ ಮೋಟಿಫ್ ಕೋಡು ಅಷ್ಟು ವರ್ಷ ಆದ್ಮೇಲೂ ಎರಡು ಲೈಬ್ರರಿ ಹೆಸರು ಸೇರಿಸಿದ್ರೆ ಎದ್ದು ನಿಂತಿದೆ, ಎಕ್ಸ್11 ಜಾಗಕ್ಕೆ ಬಂದಿರೋ ವೇಲ್ಯಾಂಡ್ ಇದ್ರೂ, ಹಳೇ ಎಕ್ಸ್ ಪ್ರೋಗ್ರಾಂ ಓಡಿಸೋ ಎಕ್ಸ್‌ವೇಲ್ಯಾಂಡ್ ಮೂಲಕ ಓಡುತ್ತೆ. ಇದು ಸಣ್ಣ ಮಾತಲ್ಲ.

ಸಿ_ಓದುಗ
ವರ್ಕ್‌ಪ್ರಾಕ್ ಮಾಡ್ದೆ ಸರ್, ಕೆಲಸ ಮಾಡ್ತು! ಲೇಬಲ್‌ನಲ್ಲಿ ಸಾಲಿನ ಸಂಖ್ಯೆ ಓಡ್ತಾ ಇರೋದು ನೋಡಿ ತುಂಬಾ ಖುಷಿಯಾಯ್ತು, ಮೆನು ಕೂಡ ತೆರೆಯುತ್ತೆ. ಆದ್ರೆ ಅರ್ಧ ಓದಿರೋವಾಗ ಆ ಗ್ರಾಫ್ ವಿಂಡೋ ಮುಚ್ಚಿದ್ರೆ ಸೆಗ್‌ಫಾಲ್ಟ್ ಬಂದು ಪ್ರೋಗ್ರಾಂ ಬಿದ್ದುಹೋಗ್ತಿದೆ.

ವಿಜೆಟ್‌ಮರ
ವಿಂಡೋ ಹೋಯ್ತು, ವರ್ಕ್‌ಪ್ರಾಕ್ ಇನ್ನೂ ಇದೆ, ಇಲ್ಲದೇ ಇರೋ ಲೇಬಲ್‌ಗೆ ಬರೆಯೋಕೆ ಹೋಗ್ತಿದೆ. ರಿಜಿಸ್ಟರ್ ಮಾಡಿದಾಗ ಒಂದು ಐಡಿ ಕೊಡುತ್ತಲ್ಲ, ಅದನ್ನೂ ಸ್ಟ್ರಕ್ಟ್‌ನಲ್ಲಿ ಇಟ್ಕೊಳ್ಳಿ, ವಿಂಡೋದ ಡಿಸ್ಟ್ರಾಯ್ ಕಾಲ್‌ಬ್ಯಾಕ್‌ನಲ್ಲಿ ಆ ಐಡಿ ಸೊನ್ನೆ ಅಲ್ದೇ ಇದ್ರೆ ಮಾತ್ರ ಅದನ್ನ ಕೊಟ್ಟು ವರ್ಕ್‌ಪ್ರಾಕ್ ತೆಗೆದುಹಾಕಿ, ಆಮೇಲೆ ಫೈಲ್ ಕ್ಲೋಸ್ ಮಾಡಿ, ಕೊನೇಲಿ ಸ್ಟ್ರಕ್ಟ್ ಫ್ರೀ ಮಾಡಿ. ಓದಿ ಮುಗಿದು ಟ್ರೂ ಕೊಡೋ ಮುಂಚೆ ಆ ಐಡಿನ ಸೊನ್ನೆ ಮಾಡೋದು ಮರೀಬೇಡಿ, ಇಲ್ದಿದ್ರೆ ಮುಗಿದು ಹೋಗಿರೋ ವರ್ಕ್‌ಪ್ರಾಕನ್ನೇ ಇನ್ನೊಂದು ಸಲ ತೆಗೆಯೋಕೆ ಹೋಗುತ್ತೆ.